ಅಕ್ಕನನ್ನು ಊರಿಗೆ ಕಳಿಸಿದ ಬಿಸಿಲು

ನಾನು ಚಿಕ್ಕವನಿದ್ದಾಗ ಒಂದು ವರ್ಷ ಚಳಿ ಯಾವಾಗ ತೊಲಗುತ್ತದೆ ಎಂದು ಕಾದು ಕೂತಿದ್ದೆ, ಅದೂ ಅಕ್ಕನ ಮೇಲಿನ ಸಿಟ್ಟಿಗೆ. ಚಿಗುರು, ಹೂವು, ಹಕ್ಕಿ ನೋಡುವುದು ಒಳ್ಳೆಯ ಅಭ್ಯಾಸ ಎಂದು ನಿಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಮೊಮ್ಮಕ್ಕಳೇ. ನಾನು ಅದನ್ನು ಹಗೆ ಸಾಧಿಸಲು ಮಾಡಿದೆ. ಹೆಚ್ಚು ಓದಿದವನಲ್ಲ ನಾನು, ನೆನಪಾದ ಹಾಗೆ ಬರೆಯುತ್ತೇನೆ.

ಎಂಬತ್ತರ ದಶಕದ ಶುರುವಿನ ಮಾತು. ದೋಹಾದ ಅಲ್ ಹಿಲಾಲ್‌ನಲ್ಲಿ ಹಳೆಯ ವಿಲ್ಲಾ ಒಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನಮಗೆ ಸಿಕ್ಕಿದ್ದು ಒಂದು ಕೋಣೆ, ಅಡುಗೆಮನೆ, ಪ್ಲೈವುಡ್ ಹೊಡೆದು ಮುಚ್ಚಿದ ಬಾಲ್ಕನಿ. ಅಪ್ಪ ಕಟ್ಟಡ ಕೆಲಸದಲ್ಲಿ ಫೋರ್‌ಮನ್. ಆ ವರ್ಷ ಗದಗಿನ ಕಡೆಯ ನಮ್ಮೂರಿನಿಂದ ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಕೆಲಸಕ್ಕೆಂದು ಬಂದು ನಮ್ಮೊಂದಿಗೇ ಉಳಿದಿದ್ದ. ಬೆಳೆದ ಹುಡುಗಿ ಎಲ್ಲರ ನಡುವೆ ಮಲಗುವುದು ಬೇಡವೆಂದು ಅಕ್ಕನ ಹಾಸಿಗೆ ಬಾಲ್ಕನಿಗೆ ಹೋಯಿತು. ಚಳಿಗಾಲದಲ್ಲೇನೋ ಸರಿ. ಸೆಕೆ ಶುರುವಾದರೆ ಅಲ್ಲಿ ಮನುಷ್ಯರು ಮಲಗುವಂತಿರಲಿಲ್ಲ. ಇದ್ದ ಒಂದೇ ಎಸಿ ಕೋಣೆಯ ಕಿಟಕಿಯಲ್ಲಿತ್ತು. ಎಸಿ ಹಾಕುವ ದಿನ ಬಂತೆಂದರೆ ಅಕ್ಕನನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದ.

ಅಕ್ಕನಿಗೆ ಮಾರ್ಚ್‌ನಲ್ಲಿ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ. ಏಪ್ರಿಲ್‌ವರೆಗೆ ಎಸಿಯ ಮಾತೇ ಏಳುವುದಿಲ್ಲವೆಂದು ಅವಳು ನಿಶ್ಚಿಂತೆಯಿಂದ ಓದುತ್ತಿದ್ದಳು. ಆ ಸಲ ಫೆಬ್ರವರಿಯಲ್ಲೇ ಹವೆ ತಿರುಗಿತು.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳು ತರಗತಿಗೇ ಮೊದಲು, ನಾನು ಎಲ್ಲದರಲ್ಲೂ ಫೇಲು. ಅಪ್ಪ ನನಗೆ ಬೆಲ್ಟಿನಿಂದ ಬಾರಿಸುವಾಗ ಅವಳು ಬಾಗಿಲಲ್ಲಿ ನಿಂತು, "ಕತ್ತೆಗೆ ಯೂನಿಫಾರ್ಮ್ ಹೊಲಿಸೀರಿ ನೀವು" ಎನ್ನುತ್ತಿದ್ದಳು. ಅಪ್ಪ ಹೊಡೆಯುತ್ತಲೇ ನಗುತ್ತಿದ್ದ. ಆ ನಗು ನನಗೆ ಬೆಲ್ಟಿಗಿಂತ ಉರಿಯುತ್ತಿತ್ತು.

ಅದಕ್ಕೇ ನಾನು ಸುಳಿವು ಹುಡುಕತೊಡಗಿದೆ. ಹಿಂದಿನ ಖಾಲಿ ಜಾಗದಲ್ಲಿ ಮಳೆನೀರು ನಿಂತು ಇಂಗಿದ ಕಡೆ ಉಗುರಿನಷ್ಟು ಹಸಿರು ಎದ್ದು, ಅದರಲ್ಲಿ ಹಳದಿ ಹೂ ಬಿಟ್ಟಿತ್ತು. ರಸ್ತೆಬದಿಯ ಬೇವಿನಲ್ಲಿ ತಾಮ್ರದ ಬಣ್ಣದ ಚಿಗುರು. ಬೆಳಗಿನ ನಲ್ಲಿ ನೀರು ಕೈ ಕೊರೆಯುವುದನ್ನು ಬಿಟ್ಟಿತ್ತು. ನೊಣ ಬಂದಿದ್ದವು. ಚಳಿಯಿಡೀ ಸುಮ್ಮನಿದ್ದ ಎಸಿಯ ಹಿಂಬದಿಗೆ ಬೆಳವಗಳು ಗೂಡು ಕಟ್ಟಲು ಕಡ್ಡಿ ಸಾಗಿಸುತ್ತಿದ್ದವು. ನಾನು ಒಂದೊಂದನ್ನೂ ತಿಂಡಿಯ ಹೊತ್ತಿಗೆ ಅಪ್ಪನಿಗೆ ಕೇಳುವಂತೆ ಹೇಳುತ್ತಿದ್ದೆ. ಅಕ್ಕ ಮರೂನ್ ಬಣ್ಣದ ಉಣ್ಣೆಯ ಸ್ವೆಟರನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಓಡಾಡುತ್ತಿದ್ದಳು. ಅಪ್ಪ ಎದುರಿಗಿದ್ದರೆ ಅಂಗೈ ಉಜ್ಜಿಕೊಳ್ಳುತ್ತಿದ್ದಳು. ಖಾಲಿ ಜಾಗದ ಹಳದಿ ಹೂಗಳನ್ನು ಯಾರೋ ಕಿತ್ತು ಹಾಕಿದ್ದರು. ಯಾರೆಂದು ನನಗೆ ಗೊತ್ತಿತ್ತು.

ಒಂದು ಶುಕ್ರವಾರ, ಅಪ್ಪನಿಗೆ ರಜೆ. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದು, ಸುಟ್ಟ ಹಿಟ್ಟಿನ ವಾಸನೆ. ಕಂಪನಿಯವರ ಕುಟುಂಬವೊಂದು ಮುಂದಿನ ವಾರ ಊರಿಗೆ ಹೊರಟಿದೆ, ಹುಡುಗಿಯನ್ನು ಕಳಿಸುವುದಾದರೆ ಜೊತೆ ಸಿಗುತ್ತದೆ ಎಂದು ಕಾಕಾ ಹೇಳಿದ. ಅಪ್ಪ ಒಪ್ಪಲಿಲ್ಲ. ಇನ್ನೂ ಚಳಿ ಇದೆ, ಅವಳು ಸ್ವೆಟರನ್ನೇ ಬಿಚ್ಚಿಲ್ಲ ನೋಡು ಎಂದ.

ಅಕ್ಕ ಸ್ನಾನಕ್ಕೆ ಹೋಗಿದ್ದಳು. ಸ್ವೆಟರು ಬಾಲ್ಕನಿಯ ಮೊಳೆಗೆ ನೇತಾಡುತ್ತಿತ್ತು. ನಾನು ಚೊಂಬಿನಲ್ಲಿ ನೀರು ತಂದು ಅದರ ಬೆನ್ನು, ಕಂಕುಳು ನೆನೆಸಿ, ಹಿಂಡಿ, ಅಪ್ಪನ ಮುಂದೆ ಹಿಡಿದೆ.

"ಅಪ್ಪಾ, ಬೆವರಿನಾಗ ತೊಯ್ದೈತಿ ನೋಡ್ರಿ. ರಾತ್ರಿ ಉಸಿರು ಕಟ್ಟತೈತಿ ಅಂತಾಳ. ನಿಮಗ ಹೇಳಬ್ಯಾಡ ಅಂದಾಳ."

ಅಪ್ಪ ಉಣ್ಣೆಯನ್ನು ಬೆರಳಲ್ಲಿ ಒತ್ತಿ ನೋಡಿದ. ಎದ್ದು ಹೋಗಿ ಎಸಿ ಹಾಕಿದ. ತಿಂಗಳುಗಟ್ಟಲೆಯ ಧೂಳು ಮುಖಕ್ಕೆ ಹಾರಿತು. ಹಿಂದೆ ಬೆಳವಗಳ ಕಡ್ಡಿ ಕಟಕಟ ಮುರಿದವು. "ಖಲಾಸ್, ಮುಗೀತು ಚಳಿ" ಎಂದ ಕಾಕಾ.

ಸದ್ದು ಕೇಳಿ ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದಳು. ಸ್ವೆಟರು ಎತ್ತಿ ಮೂಸಿದಳು. ಇದು ನೀರು, ಬೆವರಲ್ಲ ಎಂದಳು. ಅಪ್ಪ ನನ್ನತ್ತ ತಿರುಗಿದ. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಅವ್ವನ ಮೇಲೆ ಆಣೆ ಇಟ್ಟೆ. ಒಳಗೆ ರೊಟ್ಟಿ ಬಡಿಯುವುದು ನಿಂತಿತು.

"ಒಂದ ತಿಂಗಳ ಬಿಡ್ರಿ ಅಪ್ಪಾ. ಪರೀಕ್ಷೆ ಬರದು ಹೋಗ್ತೀನಿ" ಎಂದಳು ಅಕ್ಕ.

ಊರಿನಲ್ಲೂ ಶಾಲೆಗಳಿವೆ ಎಂದ ಅಪ್ಪ.

ಹೊರಡುವ ದಿನ ಅವಳು ಅಳಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ ನನಗಷ್ಟೇ ಕೇಳುವಂತೆ ಹೇಳಿದಳು: "ಇನ್ನ ನೀನ ಫಸ್ಟ್ ಬಾ. ಜಾಗಾ ಖಾಲಿ ಮಾಡೀನಿ."

ಅವಳು ಹೋದ ಕೆಲವೇ ದಿನಗಳಲ್ಲಿ ಶಮಾಲ್ ಎಂಬ ಬಡಗಣ ಗಾಳಿ ಎದ್ದಿತು. ಮರಳು, ಧೂಳು, ಹಲ್ಲು ಕಟಕಟಿಸುವ ಚಳಿ. ಅಪ್ಪ ಎಸಿ ಆರಿಸಿ ಕಂಬಳಿ ಹೊದ್ದು ಕೂತ. ಪರೀಕ್ಷೆಗಳು ಮುಗಿಯುವವರೆಗೂ ಆ ಚಳಿ ಬಂದು ಹೋಗಿ ಮಾಡುತ್ತಲೇ ಇತ್ತು. ಊರಿನಲ್ಲಿ ವರ್ಷದ ಕೊನೆಗೆ ಅವಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಮರುವರ್ಷ ಮದುವೆ ಮಾಡಿದರು. ನಾನು ಹತ್ತನೆಯದರಲ್ಲಿ ಮತ್ತೆ ಮತ್ತೆ ಫೇಲಾಗಿ ಗ್ಯಾರೇಜು ಸೇರಿದೆ.

ಈಗ ನೀವಿರುವ ಲುಸೈಲ್ ಆಗ ಬರೀ ಮರಳು. ನಿಮಗೆ ಒಬ್ಬೊಬ್ಬರಿಗೊಂದು ಕೋಣೆ, ಕೋಣೆಗೊಂದು ಎಸಿ, ವರ್ಷವಿಡೀ ಮನೆಯೊಳಗೆ ಒಂದೇ ಹವೆ. ಚಳಿ ಯಾವಾಗ ಹೋಯಿತೆಂದು ನಿಮಗೆ ತಿಳಿಯುವುದೂ ಇಲ್ಲ, ತಿಳಿಯಬೇಕಾದ ಹೆದರಿಕೆಯೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಊರಿನಿಂದ ಒಬ್ಬ ಅಜ್ಜಿ ಫೋನಿನಲ್ಲಿ ಮುಖ ತೋರಿಸಿ, ಎಷ್ಟು ಓದಿದಿರಿ ಎಂದು ಕೇಳುತ್ತಾಳಲ್ಲ, ಅವಳೇ ಅಕ್ಕ. ನೀವು ಮಾತಾಡಿ ಮುಗಿಸಿ, ಅಜ್ಜನಿಗೆ ಕೊಡುತ್ತೇವೆ ಎಂದು ಫೋನ್ ಹಿಡಿದು ನನ್ನ ಕಡೆ ಓಡಿ ಬರುತ್ತೀರಿ. ಅಷ್ಟರಲ್ಲಿ ಪರದೆ ಕಪ್ಪಾಗಿರುತ್ತದೆ. ನೆಟ್‌ವರ್ಕ್ ಹೋಯಿತು ಅಜ್ಜಾ ಎನ್ನುತ್ತೀರಿ. ಹೌದು ಎಂದು ನಾನು ಇಷ್ಟು ವರ್ಷ ತಲೆಯಾಡಿಸಿದ್ದೇನೆ. ನೆಟ್‌ವರ್ಕ್ ಸರಿಯಾಗಿಯೇ ಇರುತ್ತದೆ, ಮಕ್ಕಳೇ.