ಬೀಗರ ತೋಟದ ಮೇಲೆ ಹಾಯುವ ವಿಮಾನ

ಅಕ್ಷರ ತಿದ್ದಿಸಿದ ಗುರುವಿಗೆ, ನಿತ್ಯವೂ ಅಂಗೈಗೆ ಬಂದು ನೆಲೆಸುವ ಲಿಂಗಕ್ಕೆ, ಈ ವಯಸ್ಸಿನಲ್ಲೂ ದೂರದ ಗೆರೆಯನ್ನು ಗುರುತಿಸುವ ಕಣ್ಣನ್ನು ಉಳಿಸಿಕೊಟ್ಟ ಕರುಣೆಗೆ ಮೊದಲು ಶರಣು. ಆಕಾಶಕ್ಕೆ ಶರಣು, ಅದರಲ್ಲಿ ಹಾದುಹೋಗುವವರಿಗೂ ಶರಣು. ಪಂಕ್ತಿಯ ನಡುವೆ ನನ್ನನ್ನು ಅವಮಾನಿಸಿದ ಬೀಗರಿಗೂ ನಾನು ಕೃತಜ್ಞನಾಗಿರಬೇಕು. ಅವರು ಬಾಯಿ ತೆರೆಯದೆ ಇದ್ದಿದ್ದರೆ ಈ ಮುದುಕ ಗಣಕಯಂತ್ರದ ಮುಂದೆ ಎಂದೂ ಕೂರುತ್ತಿರಲಿಲ್ಲ.

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ನಸುಕಿನಲ್ಲಿ ನಾನು ಲಿಂಗಪೂಜೆ ಮಾಡುತ್ತೇನೆ. ಪೂಜೆ ಮುಗಿಸಿ ತಲೆ ಎತ್ತುವ ಹೊತ್ತಿಗೆ ಬಹಳ ಎತ್ತರದಲ್ಲಿ ಒಂದು ವಿಮಾನ ಈಶಾನ್ಯದ ಕಡೆಗೆ ಹೋಗುತ್ತದೆ. ನೆಲಕ್ಕಿನ್ನೂ ಇಳಿಯದ ಬಿಸಿಲು ಅದಕ್ಕೆ ಮೊದಲೇ ತಾಗಿ, ಹಿಂದಿನ ಗೆರೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ಒಳಗಿರುವವರಿಗೆ ಒಳಿತಾಗಲೆಂದು ನಾನು ಕೈ ಎತ್ತುತ್ತೇನೆ.

ಇದನ್ನು ನಮ್ಮೂರಿಗೆ ಈಶಾನ್ಯದಲ್ಲಿರುವ ಕಮಲಾಪುರದಲ್ಲಿ, ಸೊಸೆಯ ತವರುಮನೆಯಲ್ಲಿ, ಊಟಕ್ಕೆ ಕುಳಿತಾಗ ಹೇಳಿದೆ. ಸೊಸೆಯ ತಂದೆ ಕೆಂಪು ಬಾಳೆಯ ತೋಟದವರು. ಅಲ್ಲಿನ ಮಠದ ಕಾರ್ಯಗಳಲ್ಲಿ ಅವರ ಮಾತು ನಡೆಯುತ್ತದೆ.

"ಎಲ್ಲಿ ವಿಮಾನ್ರಿ ಬೀಗರ?" ಎಂದರು. "ನಾ ದಿನಾ ನಸುಕಿನ್ಯಾಗ ಎದ್ದು ತೋಟದಾಗ ನಿಂತಿರ್ತೀನಿ. ನಿಮ್ಮ ವಿಮಾನ ಈ ಕಡೀಗೇ ಬರ್ತದಂದ್ರ ನನ್ನ ತಲೀ ಮ್ಯಾಲೇ ಹಾಯಬೇಕಲ್ಲ? ಒಂದ್ ದಿನಾನೂ ಕಂಡಿಲ್ಲ."

"ನನಗ ದಿನಾ ಕಾಣ್ತದ್ರಿ."

"ನಿಮಗ ಕಾಣ್ತದ. ಈ ವಯಸ್ಸಿನಾಗ ಇನ್ನೂ ಏನೇನೋ ಕಾಣ್ತಾವ ಬಿಡ್ರಿ. ಏ, ಬೀಗರಿಗೆ ಇನ್ನೊಂದು ಹೋಳಿಗಿ ಹಾಕ್ರೆವ್ವಾ, ಆಕಾಶದಾಗಿಂದ ಕೆಳಗ ಇಳೀಲಿ!"

ಪಂಕ್ತಿಯೆಲ್ಲ ನಕ್ಕಿತು. ಬೀಗರು ಬೀಗರನ್ನು ಛೇಡಿಸುವುದು ನಮ್ಮಲ್ಲಿ ವಾಡಿಕೆ, ಅಷ್ಟನ್ನು ಹೋಳಿಗೆಯ ಜೊತೆಗೇ ನುಂಗಬಹುದಾಗಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಆ ಮಠದಲ್ಲಿ ಶ್ರಾವಣದ ಪುರಾಣ ಓದುವ ಪೀಠ ನನ್ನ ತಂದೆಯಿಂದ ನನಗೆ ಬಂದದ್ದು. ಇವರು ಮಠದ ಹಿರಿಯರ ಬಳಿ ಹೋಗಿ, "ಇಲ್ಲದ ವಿಮಾನ ಕಾಣೋರಿಗೆ ಪುರಾಣದಾಗ ಇಲ್ಲದ ಸಾಲೂ ಕಂಡಾವು. ಈ ಸಲ ಬ್ಯಾರೇರ ಕಡಿಂದ ಓದಿಸೂಣು" ಎಂದರಂತೆ. ಹಿರಿಯರು ಸಂಕೋಚದಿಂದ ನನಗೆ ಫೋನು ಮಾಡಿ, ಶ್ರಾವಣಕ್ಕೆ ಮುಂಚಿನ ಸಭೆಯಲ್ಲಿ ತೀರ್ಮಾನಿಸೋಣ ಎಂದರು.

ಕೋಪವನ್ನು ಗೆಲ್ಲಬೇಕೆಂದು ಶಾಸ್ತ್ರಗಳು ಹೇಳುತ್ತವೆ; ಅವನ್ನು ನಾನೇ ಪಾಠ ಮಾಡಿದ್ದೇನೆ. ಆದರೂ ಮರುದಿನದ ಪೂಜೆಯಲ್ಲಿ ನಾನು ಬೇಡಿಕೊಂಡದ್ದು, ನನ್ನ ಕೋಪ ಆ ಸಭೆಯವರೆಗೆ ಆರದಿರಲಿ ಎಂದು. ಆ ಅವಮಾನವನ್ನು ವಿಭೂತಿಯ ಗಟ್ಟಿಯಂತೆ ಒಣಗಿಸಿ ಎತ್ತಿಟ್ಟುಕೊಂಡೆ.

ಸೊಸೆ ಇಲ್ಲಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ವಿಮಾನಗಳು ತಾವಿರುವ ಜಾಗವನ್ನು ರೇಡಿಯೋ ಮೂಲಕ ತಾವೇ ಸಾರುತ್ತಾ ಹೋಗುತ್ತವೆ, ಸಣ್ಣದೊಂದು ಉಪಕರಣವಿದ್ದರೆ ಮನೆಯಲ್ಲೇ ಅದನ್ನು ಹಿಡಿಯಬಹುದು ಎಂದು ತಿಳಿಸಿದವಳು ಅವಳೇ.

"ನೀ ಯಾರ ಕಡೀಕೆವ್ವಾ?" ಎಂದು ಕೇಳಿದೆ.

"ನಾ ಖರೇದ ಕಡೀಕ್ರಿ ಮಾವಾರ. ನಮ್ಮಪ್ಪಗ ಬಾಯಿಲೆ ಹೇಳಿದ್ರ ಕೇಳಂಗಿಲ್ಲ. ಕಣ್ಣಿಗಿ ತೋರಸ್ಬೇಕು."

ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಿಂದ ಪೈಪು, ತಂತಿ ತಂದು ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿದೆವು. ಅಂಗೈಯಗಲದ ಗಣಕಯಂತ್ರ ಪಡಸಾಲೆಯ ಗೂಡಿನಲ್ಲಿ ಕುಳಿತಿತು. ಅದರ ಪರದೆಯ ನಕ್ಷೆಯ ಮೇಲೆ ವಿಮಾನಗಳು ಇರುವೆಗಳಂತೆ ಹರಿದವು. ಮರುದಿನ ಬೆಳಿಗ್ಗೆ ನನ್ನ ವಿಮಾನವೂ ತನ್ನ ಹೊತ್ತಿಗೆ ಬಂದು ಹಿಂದೆ ಬಣ್ಣದ ಗೆರೆಯೆಳೆಯುತ್ತ ಬ್ರಹ್ಮಪುರವನ್ನು ದಾಟಿತು. ಶಿವಶಿವಾ, ಸಿಕ್ಕಿದಿರಿ ಬೀಗರೇ ಎಂದುಕೊಂಡೆ.

ಬಸುರಿ ಸೊಸೆಯ ಕುಬಸಕ್ಕೆ ಬೀಗರು ಉಡಿಯ ಸಾಮಾನು ತಂದ ದಿನ ಅವರನ್ನು ನೇರವಾಗಿ ಗೂಡಿನ ಮುಂದೆ ಕೂರಿಸಿದೆ. "ಇಂದಿನ ಬೆಳಗಿನ ಹಾದಿ ನೋಡ್ರಿ" ಎಂದೆ. ಪರದೆಯಲ್ಲಿ ಬೆಳಗೇ ಇರಲಿಲ್ಲ. ಆಗಷ್ಟೇ ಹಾಯುತ್ತಿದ್ದ ಯಾವುದೋ ಒಂದು ವಿಮಾನದ ತುಂಡು ಗೆರೆ ಮಾತ್ರ ಇತ್ತು.

"ನಿಮ್ಮ ಯಂತ್ರಕ್ಕೂ ಅರಳುಮರಳೇನ್ರಿ?" ಎಂದು ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆ ಬಿಟ್ಟು ಎಲ್ಲರೂ ಹೊರಡುವಾಗ ಮೇನ್ ಸ್ವಿಚ್ ತೆಗೆಯದೆ ಹೊಸ್ತಿಲು ದಾಟಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಆ ಬೆಳಿಗ್ಗೆ ನಾವೆಲ್ಲ ಗುಡಿಗೆ ಹೋಗಿದ್ದೆವು.

"ಸ್ವಿಚ್ ಯಾರು ತೆಗೆದ್ರು?" ಎಂದು ಆಮೇಲೆ ಗುಡುಗಿದೆ.

"ನಾನ ತೆಗದೀನಿ," ಎಂದಳು ನನ್ನ ಹೆಂಡತಿ. "ಮದುವ್ಯಾಗಿ ಬಂದ ದಿನ ನೀವ ಕಲಸೀರಿ. ಇಷ್ಟು ವರ್ಷಕ್ಕ ಒಂದ್ ಸಲ ಪಾಠ ನೆಪ್ಪಿಟ್ಟೀನಂದ್ರ ಅದಕ್ಕೂ ಬೈತೀರಿ."

ತಂತ್ರಾಂಶ ಹಿಂದಿನದನ್ನು ತಾತ್ಕಾಲಿಕ ನೆನಪಿನಲ್ಲಷ್ಟೇ ಇಟ್ಟುಕೊಳ್ಳುತ್ತದೆ, ವಿದ್ಯುತ್ತು ಹೋದರೆ ಎಲ್ಲವೂ ಅಳಿಯುತ್ತದೆ ಎಂದು ಸೊಸೆ ಬಿಡಿಸಿ ಹೇಳಿದಳು. ಬಾಯಿಪಾಠ ಸಾಲದು, ಬರೆದಿಡಬೇಕು. ಬೇರೆಯೊಂದು ಡಿಸ್ಕು ಜೋಡಿಸಿ, ಪ್ರತಿದಿನದ ಹಾದಿಯನ್ನೂ ಅದರಲ್ಲಿ ದಾಖಲಿಸಬೇಕೆಂಬ ಸಾಲನ್ನು ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದಳು. ವಾರ ಕಳೆದ ಮೇಲೆ ನಾನು ಹೆಂಡತಿಯನ್ನು ಕರೆದು ಅವಳ ಕೈಯಿಂದಲೇ ಮೇನ್ ಸ್ವಿಚ್ ತೆಗೆಸಿ ಹಾಕಿಸಿದೆ. ಗೆರೆಗಳು ಉಳಿದಿದ್ದವು.

ಆದರೆ ಅವುಗಳ ಮೇಲಿನ ಸಮಯ ತಾಳೆಯಾಗಲಿಲ್ಲ. ನಸುಕಿನಲ್ಲಿ ನಾನು ಕಂಡ ವಿಮಾನ ನಡುರಾತ್ರಿ ದಾಟಿದ ಹೊಸತರಲ್ಲೇ ಹೋಗಿದೆ ಎನ್ನುತ್ತಿತ್ತು ಯಂತ್ರ. ಬೀಗರ ಮಾತು ನಿಜವೇ, ನನ್ನ ಕಣ್ಣು ಸುಳ್ಳೇ ಎಂದು ಒಂದು ಹಗಲೆಲ್ಲ ಬೆಂದೆ. ಸಂಜೆ ಪಂಚಾಂಗ ನೋಡುವಾಗ ಹೊಳೆಯಿತು. ಬೇರೆ ಊರಿಗೆ ಲೆಕ್ಕ ಹಾಕಿದ ಸೂರ್ಯೋದಯವನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳುತ್ತೇವೆ. ಈ ಯಂತ್ರ ಯಾವ ಊರಿನ ಗಡಿಯಾರ ನೋಡುತ್ತಿದೆ? ಸೊಸೆ ಹುಡುಕಿ ನಾಲಗೆ ಕಚ್ಚಿಕೊಂಡಳು. ಅದು ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ಚಿನ ಕಾಲವಾಗಿತ್ತು. ನಮ್ಮ ದೇಶದ ಕಾಲವನ್ನೇ ತೋರಿಸೆಂದು ಬದಲಾಯಿಸಿದೊಡನೆ ಹಿಂದಿನ ಎಲ್ಲ ದಿನಗಳ ಗೆರೆಗಳೂ ನನ್ನ ಪೂಜೆಯ ಹೊತ್ತಿಗೆ ಬಂದು ನಿಂತವು. ಒಂದರ ಮೇಲೊಂದು ಹಾಕಿ ನೋಡಿದರೆ, ಬ್ರಹ್ಮಪುರವನ್ನು ದಾಟಿದ ಆ ಗೆರೆಗಳ ಕಟ್ಟು ನೇರವಾಗಿ ಕಮಲಾಪುರಕ್ಕೆ ಹೋಗಿ, ಬೀಗರ ಬಾಳೆತೋಟದ ನೆತ್ತಿಯ ಮೇಲೆ ಹಾಯ್ದಿತ್ತು. ಮಂಗಳಾರತಿಯ ವೇಳೆಯಲ್ಲಿ ಆಗುವಂಥ ಆನಂದ ನನಗಾಯಿತು.

ಸಭೆಯ ಸಂಜೆ ಮಠದ ಗೋಡೆಯ ಟಿವಿಗೆ ಸೊಸೆ ಆ ನಕ್ಷೆಯನ್ನು ಜೋಡಿಸಿದಳು. ನಾನು ನನ್ನ ಕಣ್ಣಿನ ಪರವಾಗಿ ಒಂದು ಮಾತೂ ಆಡಲಿಲ್ಲ. ಮೃದುವಾಗಿ ಒಂದೇ ಪ್ರಶ್ನೆ ಕೇಳಿದೆ.

"ಬೀಗರ, ಈ ಹೊತ್ತಿನ್ಯಾಗ ತಾವು ಎಲ್ಲಿರ್ತೀರಿ ಅಂದಿದ್ರಿ?"

"ತೋಟದಾಗ್ರಿ. ದಿನಾ."

"ಈ ಗೆರಿ ಯಾವ ತೋಟದ ಮ್ಯಾಲ ಹಾದಾವ, ಸಭಾಕ್ಕ ಒಂದೀಟು ಹೇಳ್ರಿ."

ಬೀಗರು ಟಿವಿಯತ್ತ ನೋಡಿದರು, ಹಿರಿಯರತ್ತ ನೋಡಿದರು, ಕೊನೆಗೆ ಮಗಳತ್ತ ನೋಡಿದರು. ಅವಳು ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದಳು. ಅಷ್ಟರಲ್ಲಿ ಹೆಣ್ಣುಮಕ್ಕಳ ಕಡೆಯಿಂದ ಬೀಗಿತ್ತಿಯವರ ಧ್ವನಿ ಬಂತು: "ಎಲ್ಲೀ ತೋಟ್ರಿ ಯಪ್ಪಾ! ಚಾದ ಕಪ್ಪು ಮೂಗಿಗಿ ಹಿಡದ್ರೂ ಆ ಕಡಿ ಹೊಳ್ಳಿ ಮಲಗ್ತಾರ!"

ಮಠದ ಕಂಬಗಳೂ ನಕ್ಕವೇನೋ ಎನಿಸಿತು. ಹಿರಿಯರು ನಗು ತಡೆದು, "ಶ್ರಾವಣದ ಓದು ಗುರುಗಳದ ಅದ, ಅವರದ ಇರ್ತದ" ಎಂದರು.

ಅಲ್ಲಿಗೆ ತೃಪ್ತನಾಗಬಹುದಿತ್ತು, ಆಗಲಿಲ್ಲ. ಕೈಮುಗಿದು ವಿನಂತಿಸಿಕೊಂಡೆ: ಈ ವರ್ಷ ಪುರಾಣ ಸಂಜೆಗೆ ಬೇಡ, ಸೂರ್ಯೋದಯಕ್ಕೆ ಮುಂಚೆಯೇ ನಡೆಯಲಿ, ನಸುಕಿನಲ್ಲಿ ಏಳುವ ಅಭ್ಯಾಸವುಳ್ಳ ನಮ್ಮ ಬೀಗರೇ ದಿನವೂ ಗಂಟೆ ಬಾರಿಸಿ ಆರತಿ ಹಿಡಿಯಲಿ. ತುಂಬಿದ ಸಭೆಯಲ್ಲಿ ದೇವರ ಸೇವೆಯನ್ನು ಒಲ್ಲೆನೆನ್ನುವುದು ಹೇಗೆ? ಬೀಗರು ಒಪ್ಪಿದರು.

ಶ್ರಾವಣವಿಡೀ ನಾನು ಕಮಲಾಪುರದ ಮಠದಲ್ಲೇ ಉಳಿದೆ. ಬೀಗರು ಆಕಳಿಸುತ್ತ ಬರುತ್ತಿದ್ದರು, ನಿದ್ದೆಗಣ್ಣಲ್ಲಿ ಗಂಟೆ ಬಾರಿಸುತ್ತಿದ್ದರು. ಬಾನು ತಿಳಿಯಾಗಿದ್ದ ದಿನ, ವಿಮಾನ ಹಾಯುವಾಗ ನಾನು ಓದು ನಿಲ್ಲಿಸಿ, ಅವರು ತಲೆ ಎತ್ತುವವರೆಗೂ ಕಾದು, ಮುಂದಿನ ಸಾಲಿಗೆ ಹೋಗುತ್ತಿದ್ದೆ. ಮೋಡ ಕವಿದ ದಿನ ಸೊಸೆ ಬ್ರಹ್ಮಪುರದಿಂದ ಗೆರೆಯ ಚಿತ್ರವನ್ನು ಫೋನಿಗೆ ಕಳಿಸುತ್ತಿದ್ದಳು. ಪ್ರಸಾದ ಕೊಡುವಾಗ ಬೀಗರಿಗೆ ಅದನ್ನೂ ತೋರಿಸುತ್ತಿದ್ದೆ.

"ಇನ್ನ ಸಾಕ್ ಮಾಡ್ರಿ ಬೀಗರ," ಎಂದು ಒಂದು ದಿನ ಅವರು ಕೈಮುಗಿದರು.

"ಅಮಾಸಿ ಇನ್ನೂ ದೂರ ಅದರಿ," ಎಂದೆ.

ಗೆರೆಗಳನ್ನು ಕಾಪಿಟ್ಟ ಸೊಸೆಗೂ ಅವಳ ಮಡಿಲಿಗೆ ಬರಲಿರುವ ಕೂಸಿಗೂ ಆಯುರಾರೋಗ್ಯವಿರಲಿ. ಮನೆಯ ಕಟ್ಟಳೆ ತಪ್ಪದ ನನ್ನ ಹೆಂಡತಿಗೆ ಮುತ್ತೈದೆತನವಿರಲಿ. ಸಭೆಯಲ್ಲಿ ನಿಜ ನುಡಿದ ಬೀಗಿತ್ತಿಯವರ ನಾಲಗೆಯ ಮೇಲೆ ಸರಸ್ವತಿ ಸದಾ ನೆಲೆಸಲಿ. ಆ ಎತ್ತರದಲ್ಲಿ ದಿನವೂ ಹಾದುಹೋಗುವ ಮುಖ ಕಾಣದ ಜೀವಗಳು ಕ್ಷೇಮವಾಗಿ ನೆಲ ಮುಟ್ಟಲಿ. ಬೀಗರಿಗೆ ನೂರು ಶ್ರಾವಣಗಳನ್ನು ಕಾಣುವ ಆಯುಷ್ಯವನ್ನು ಶಿವನು ಕರುಣಿಸಲಿ. ಪ್ರತಿ ಶ್ರಾವಣದ ನಸುಕಿನಲ್ಲೂ ಅವರ ಕಣ್ಣು ತೆರೆದಿರಲಿ.