ಗ್ಯಾಸ್‌ಲೈಟಿನಲ್ಲಿ ಅಳೆದ ಇಂಜಿನ್ನಿನ ವೇಗ

ಈ ಪ್ರಸಂಗವನ್ನು ಬಿಟ್ಟೇ ದೊಡ್ಡಪ್ಪನ ಬಗ್ಗೆ ಬರೆಯುವವಳಿದ್ದೆ. ಆದರೆ ನಿನ್ನೆ ಪಕ್ಕದ ಮನೆಯವರು ಬೈಕಿನ ಬಳಿ ಮೊಬೈಲ್ ಹಿಡಿದು ಇಂಜಿನ್ನಿನ ವೇಗ ಅಳೆಯುವುದನ್ನು ಕಂಡೆ. ಆ ಗತ್ತು ನನಗೆ ಪರಿಚಿತ.

ಬಂಟ್ವಾಳದ ನಮ್ಮ ಜಗಲಿಯಲ್ಲಿ ದೊಡ್ಡಪ್ಪ ತಮ್ಮ ಬೈಕಿನ ಇಂಜಿನ್ನಿನ ಮುಚ್ಚಳ ತೆಗೆದು, ಒಳಗೆ ತಿರುಗುವ ಗಾಲಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಟ್ಯೂಬ್‌ಲೈಟ್ ನಮಗೆ ತಿಳಿಯದಷ್ಟು ಬೇಗ ಮಿಣುಕುತ್ತದೆ; ಇಂಜಿನ್ ಸರಿಯಾದ ವೇಗಕ್ಕೆ ಬಂದಾಗ ಆ ಬೆಳಕಿನಲ್ಲಿ ಗೆರೆ ನಿಂತಂತೆ ಕಾಣುತ್ತದೆ. ಮೀಟರ್ ಬೇಡ, ಖರ್ಚಿಲ್ಲ. ಉಪಾಯವೇನೋ ಒಳ್ಳೆಯದೇ. ಆದರೆ ಅವರಿಗೆ ಪ್ರೇಕ್ಷಕರೂ ಬೇಕಿತ್ತು.

ಒಂದು ಸಂಜೆ ನಡುವೆಯೇ ಕರೆಂಟು ಹೋಯಿತು. ದೊಡ್ಡಪ್ಪ ಗ್ಯಾಸ್‌ಲೈಟ್ ತರಿಸಿ ಮುಂದುವರಿಸಿದರು. ಒಂದೇ ಸಮನೆ ಉರಿಯುವ ಆ ಬೆಳಕಿನಲ್ಲಿ ಗೆರೆ ನಿಲ್ಲುವುದೆಲ್ಲಿಂದ?

"ನಿಂತಿತು, ನೋಡಿ!" ಎಂದರು. ನೆರೆದ ಗಂಡಸರೆಲ್ಲ ತಲೆಯಾಡಿಸಿದರು.

ದೊಡ್ಡಮ್ಮ ಬಗ್ಗಿ ನೋಡಿದರು. "ನನಗೆ ಕಾಣುದಿಲ್ಲ. ಅದು ತಿರುಗ್ತಾ ಉಂಟು."

"ಹಾಗಾದ್ರೆ ನಾಳೆ ನಿನ್ನ ತಮ್ಮನ ಮದುವೆಗೆ ಬಸ್ಸಲ್ಲೇ ಬಾ ಮಾರಾಯ್ತಿ. ನಂಬಿಕೆ ಇಲ್ಲದವರಿಗೆ ನನ್ನ ಬೈಕಲ್ಲಿ ಜಾಗ ಇಲ್ಲ."

ಮರುದಿನ ದೊಡ್ಡಮ್ಮ ನನ್ನ ಕೈಹಿಡಿದು ಮೂಡಬಿದ್ರೆಯ ಬಸ್ಸು ಹತ್ತಿದರು. ಸಿದ್ದಕಟ್ಟೆಯಲ್ಲಿ ರಸ್ತೆ ಬದಿ ದೊಡ್ಡಪ್ಪ ರೇಷ್ಮೆ ಶಾಲು ಹೊದ್ದು, ಬೆವರುತ್ತ, ಬೈಕಿನ ಕಿಕ್ಕರ್ ಒದೆಯುತ್ತಿದ್ದರು.

"ನಿಂತಿತು, ನೋಡು," ಎಂದರು ದೊಡ್ಡಮ್ಮ. ಬಸ್ಸು ನಿಲ್ಲಿಸಲು ಹೇಳಲಿಲ್ಲ.

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಈಗ ದೊಡ್ಡಪ್ಪ ಓದದೇ ಇಂಜಿನಿಯರ್ ಆದ ಮಹಾನುಭಾವ. ತೀರಿಕೊಂಡವರ ಬಗ್ಗೆ ಹೀಗೆ ಬರೆಯುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡೆ. ಸುಮ್ಮನೆ ತಲೆಯಾಡಿಸುವುದು ಇನ್ನೂ ಹೇಸಿಗೆ ಎನಿಸಿತು. ಅವರ ತಿಥಿಯ ದಿನ, ಮಾರ್ಚ್ ಒಂಬತ್ತಕ್ಕೆ, ಇದನ್ನು ಅದೇ ಗ್ರೂಪಿಗೆ ಹಾಕುತ್ತೇನೆ.