ಟೈಲರಣ್ಣ ಕತ್ತರಿಸಿದ ಇಲಿಯ ಚಿತ್ರಗಳು

ಮೊನ್ನೆ ರೇಷ್ಮೆ ನೂಲಿನ ಕಟ್ಟುಗಳಿಗೆ ಚೀಟಿ ಅಂಟಿಸಲು ಗೋಂದಿನ ಬಾಟಲಿ ತೆರೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರಣ್ಣ ಕಣ್ಣೆದುರು ಬಂದು ಕೂತರು...

ಎಂಬತ್ತರ ದಶಕದ ಕೊನೆಯ ಮಾತು. ಅವರಿಗೆ ಹೆಂಡತಿ ಇಲ್ಲ, ಒಬ್ಬಳೇ ಮಗಳು. ಅವಳಿಗೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ. ಗಂಡಿಲಿಗಳ ಪ್ರಾಸ್ಟೇಟ್ ಗ್ರಂಥಿಗೆ ಬಂದ ಕ್ಯಾನ್ಸರ್ ಬಲಿಯುತ್ತ ಹೋದಂತೆ ಜೀವಕೋಶದೊಳಗಿನ ವರ್ಣತಂತುಗಳು ಹೇಗೆ ಕೆಡುತ್ತವೆ ಎಂದು ನೋಡುವುದು. ಆಗ ಕಂಪ್ಯೂಟರ್ ಎಲ್ಲಿತ್ತು? ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋದಿಂದ ಒಂದೊಂದೇ ವರ್ಣತಂತುವನ್ನು ಕತ್ತರಿಸಿ, ಜೋಡಿ ಹುಡುಕಿ, ರಟ್ಟಿಗೆ ಅಂಟಿಸಬೇಕು. ಭಾನುವಾರ ಊರಿಗೆ ಬರುವಾಗ ಫೋಟೋಗಳನ್ನೂ ತರುತ್ತಿದ್ದಳು. ಕಾಜಾ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಅಪ್ಪ ಕತ್ತರಿಸುತ್ತಿದ್ದರು, ಮಗಳು ಅಂಟಿಸುತ್ತಿದ್ದಳು. ರೇಷ್ಮೆಗೂಡಿನ ವ್ಯಾಪಾರ ಮುಗಿಸಿ ನಾನೂ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ.

ಕಾಯಿಲೆ ಎಳೆಯದಾಗಿದ್ದರೆ ಬಹುಪಾಲಿಗೆ ಜೋಡಿ ಸಿಗುತ್ತಿತ್ತು. ಬಲಿತ ಗಡ್ಡೆಯ ಫೋಟೋ ಬಂದರೆ ತುಂಡಾದವು, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡವು, ಲೆಕ್ಕಕ್ಕಿಂತ ಹೆಚ್ಚಾದವು...

"ಇದಕ್ಕೆ ಜೊತೇನೇ ಇಲ್ವಲ್ಲಮ್ಮಾ!"

"ಅದನ್ನ ಕೆಳಗಡೆ ಬೇರೆ ಇಡಪ್ಪಾ. ಕಾಯಿಲೆ ಬಲಿತಿದೆ ಅಂತ ಅದೇ ಹೇಳೋದು."

ಒಂದು ಭಾನುವಾರ ಅವರು ತಲೆ ಎತ್ತದೆ ಕೇಳಿದರು: "ಆ ಇಲಿಗೆ ಸೊಂಟ ನೋಯುತ್ತೇನಮ್ಮಾ?"

"ನಿಂಗ್ಯಾಕಪ್ಪಾ ಇಲಿ ಸೊಂಟದ ಯೋಚ್ನೆ? ಅದಕ್ಕೂ ಪ್ಯಾಂಟ್ ಹೊಲೀತೀಯಾ?" ಮಗಳು ನಗುತ್ತ ಕಾಫಿ ಮಾಡಲು ಒಳಗೆ ಹೋದಳು.

ನನಗೆ ನಗು ಬರಲಿಲ್ಲ. ಬೇರೆಯವರಿಗೆ ಎಂದು ಬೆಲೆ ವಿಚಾರಿಸುವವನು ಎಷ್ಟೋ ಸಲ ತನಗೇ ವಿಚಾರಿಸುತ್ತಿರುತ್ತಾನೆ. ಅಷ್ಟು ವ್ಯಾಪಾರ ನಾನು ಕಲಿತಿದ್ದೆ. ಆ ಗ್ರಂಥಿ ಮೂತ್ರದ ದಾರಿಗೇ ಸುತ್ತಿಕೊಂಡಿರುತ್ತದೆ ಎಂದೂ ಕೇಳಿದ್ದೆ.

"ಏನಣ್ಣಾ, ಮೂತ್ರಕ್ಕೆ ತೊಂದ್ರೆನಾ?"

"ಸುಮ್ನಿರಪ್ಪಾ, ಮಗು ಕೇಳಿಸ್ಕೊಳ್ಳುತ್ತೆ."

ಇಂಥದ್ದನ್ನು ಮಗಳ ಕಿವಿಗೆ ಬೀಳುವಂತೆ ಆಡುವ ಕಾಲವಲ್ಲ ಅದು. ಚಿಂತಾಮಣಿ ಕಡೆಯ ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಬೆಲೆ ಹೇಳುತ್ತೇವಲ್ಲ, ಹಾಗೆ ನನ್ನ ಹೆಗಲ ಟವೆಲನ್ನು ಇಬ್ಬರ ಕೈ ಮೇಲೂ ಹಾಸಿದೆ.

"ರಕ್ತಾನೂ ಹೋಗುತ್ತಾ? ಎಷ್ಟು ಕಾಲ ಆಯ್ತು?"

ಅವರು ನನ್ನ ಎರಡು ಬೆರಳು ಹಿಡಿದರು.

"ತಿಂಗಳಾ?"

ಅಲ್ಲವೆಂದು ತಲೆಯಾಡಿಸಿದರು. ವರ್ಷ! ಬೆರಳು ಮಾತ್ರ ಬಿಡಲಿಲ್ಲ.

ಮಗಳಿಗೆ ನಾನೇ ಹೇಳಿದೆ. ಅಂಟಿಸುತ್ತಿದ್ದ ರಟ್ಟನ್ನು ಅರ್ಧಕ್ಕೇ ಬಿಟ್ಟು, ಮರುದಿನವೇ ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ದಳು. ಆ ಹೊತ್ತಿಗೆ ಮೂಳೆಗೆಲ್ಲ ಹರಡಿತ್ತು. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಮನೆ ಖಾಲಿ ಮಾಡುವ ದಿನ ಅವಳು ಕೇಳಿದಳು: "ಅಪ್ಪ ನಂಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ ಅಣ್ಣಾ? ದಿನಾ ಅದೇ ಕಾಯಿಲೆ ತಾನೇ ನಾನು ನೋಡ್ತಿದ್ದದ್ದು..."

ಮಾತಿನ ಮೇಲೇ ಬದುಕು ಕಟ್ಟಿಕೊಂಡವನು ನಾನು. ಅವತ್ತು ಅವರ ಕಾಜಾ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟೆ.

ಈಗ ಸಿಕ್ಕ ಗಂಡಸರಿಗೆಲ್ಲ ಬುದ್ಧಿ ಹೇಳುತ್ತೇನೆ: ಮೂತ್ರದ ತೊಂದರೆಯನ್ನು ಮಕ್ಕಳ ಎದುರಿಗೇ ಹೇಳಿ, ನಾಚಿಕೆ ಆಮೇಲೆ ಪಡಿ. ಕೆಲವರು ನಗುತ್ತಾರೆ. ನಗಲಿ.

ಬಾಟಲಿ ಮುಚ್ಚಿದೆ. ಗೋಂದು ತಾಗಿ ಎರಡು ಬೆರಳು ಅಂಟಿಕೊಂಡಿದ್ದವು... ಬಿಡಿಸಿಕೊಳ್ಳದೆ, ಉಳಿದ ಚೀಟಿಗಳನ್ನು ಇನ್ನೊಂದು ಕೈಯಲ್ಲೇ ಎತ್ತಿಟ್ಟೆ.